ಹೊಸ ಮೋಟರ್‌ಹೋಮ್: ಬಾಕಿ ಹಣ ಕೊಡುವ ಮುಂಚೆ ನೋಡಬೇಕಾದ್ದು

ಮೋಟರ್‌ಹೋಮ್ ಅಂದರೆ ಒಳಗೇ ವಾಸ ಮಾಡಬಹುದಾದ ಗಾಡಿ. ಅದರ ಚಾಸಿ, ಅಂದರೆ ಎಂಜಿನ್, ಚಕ್ರ ಇರುವ ಕೆಳಗಿನ ಗಾಡಿ, ಒಬ್ಬರದು. ಫೋರ್ಡ್, ಫಿಯೆಟ್, ಮರ್ಸಿಡಿಸ್ ಹೀಗೆ ಯಾವುದೋ ಒಂದು. ಅದರ ಮೇಲೆ ಮನೆ ಕಟ್ಟುವವರು ಬೇರೆ, ಒಳಗಿನ ಫ್ರಿಜ್, ಹೀಟರ್, ಏಸಿ ಮಾಡಿದವರು ಇನ್ನೂ ಬೇರೆ. ಮನೆಯ ಭಾಗದಲ್ಲಿ ಕೈಕೆಲಸವೇ ಹೆಚ್ಚು. ಅಂಟು, ಸ್ಕ್ರೂ, ಪ್ಲಾಸ್ಟಿಕ್ ಪೈಪು, ಸೀಲೆಂಟ್ ಎಲ್ಲ ಸೇರಿಸಿ ಕಟ್ಟಿದ್ದನ್ನು ಕಾರ್ಖಾನೆಯಿಂದ ಡೀಲರ್ ತನಕ ರಸ್ತೆಯಲ್ಲಿ ಕುಲುಕಿಸಿಕೊಂಡು ತಂದಿರುತ್ತಾರೆ. ಹಾಗಾಗಿ ಹೊಸ ಗಾಡಿಯಲ್ಲೂ ದೋಷ ಇದ್ದೇ ಇರುತ್ತದೆ ಅಂದುಕೊಂಡೇ ಹೋಗಿ. ಬಾಕಿ ಹಣ ನಿಮ್ಮ ಕೈಯಲ್ಲಿರುವಷ್ಟು ಹೊತ್ತು ಸರ್ವಿಸ್‌ನವರು ನಿಮ್ಮ ಮಾತು ಕೇಳುತ್ತಾರೆ. ಸಹಿ ಹಾಕಿ ಹೊರಬಂದ ಮೇಲೆ ಎಲ್ಲರ ಹಾಗೆ ನೀವೂ ಸರದಿಯಲ್ಲಿ ನಿಲ್ಲಬೇಕು.

ಒಂದಿಡೀ ದಿನ ಬಿಡುವು ಮಾಡಿಕೊಳ್ಳಿ, ಬೆಳಗ್ಗೆಯೇ ಶುರು ಮಾಡಿ. ಡೀಲರ್‌ಗೆ ಹಿಂದಿನ ದಿನವೇ ಮೂರು ಮಾತು ಹೇಳಿಡಿ: ಗಾಡಿಗೆ ಕರೆಂಟ್ ಜೋಡಿಸಿ ಫ್ರಿಜ್ ಆನ್ ಮಾಡಿರಬೇಕು, ನೀರಿನ ಟ್ಯಾಂಕ್ ತುಂಬಿರಬೇಕು, ಗ್ಯಾಸ್ ಸಿಲಿಂಡರ್ ಖಾಲಿ ಇರಬಾರದು. ಮೂರರಲ್ಲಿ ಒಂದು ಇಲ್ಲದಿದ್ದರೂ ಅರ್ಧ ಪರೀಕ್ಷೆ ಆಗುವುದಿಲ್ಲ. ನೀವು ಒಯ್ಯಬೇಕಾದ್ದು: ಟಾರ್ಚ್, ಮಲ್ಟಿಮೀಟರ್, ಸಾಕೆಟ್ ಟೆಸ್ಟರ್, ಸೋಪು ನೀರಿನ ಸ್ಪ್ರೇ ಬಾಟಲಿ, ತೇವಾಂಶ ಮೀಟರ್, ಎರಡು ಥರ್ಮಾಮೀಟರ್, ಟಯರ್ ಗೇಜ್, ಟಿಶ್ಯೂ ಪೇಪರ್, ಅಂಟು ಉಳಿಸದೆ ಕಿತ್ತುಬರುವ ಬಣ್ಣದ ಟೇಪು. ದೋಷ ಕಂಡಲ್ಲೆಲ್ಲ ಟೇಪಿನ ತುಂಡು ಹಚ್ಚಿ, ಅದರ ಮೇಲೆ ನಂಬರ್ ಬರೆದು, ಫೋಟೋ ತೆಗೆಯಿರಿ.

ಮೊದಲು ನೀರು. ಈ ಗಾಡಿಗಳನ್ನು ಹಾಳು ಮಾಡುವುದು ಎಂಜಿನ್ ಅಲ್ಲ, ನೀರು. ಪಂಪ್ ಆನ್ ಮಾಡಿ, ಎಲ್ಲ ನಲ್ಲಿ ಬಿಟ್ಟು ಪೈಪಿನ ಗಾಳಿ ಹೋಗುವವರೆಗೆ ಹರಿಸಿ, ಮುಚ್ಚಿ. ಒತ್ತಡ ತುಂಬಿದ ಕೂಡಲೇ ಪಂಪ್ ಸುಮ್ಮನಾಗಬೇಕು. ಅರ್ಧ ಗಂಟೆ ಹಾಗೇ ಬಿಡಿ. ನಡುವೆ ಯಾರೂ ನಲ್ಲಿ ಮುಟ್ಟದೆ ಪಂಪ್ ಒಂದು ಕ್ಷಣ ಗುರ್ರೆಂದು ನಿಂತರೆ ಎಲ್ಲೋ ಒತ್ತಡ ಇಳಿಯುತ್ತಿದೆ ಎಂದರ್ಥ. ಯಾವುದೋ ಜೋಡಣೆ ಸೋರುತ್ತಿರಬಹುದು, ಇಲ್ಲವೇ ನೀರನ್ನು ಒಂದೇ ಕಡೆಗೆ ಬಿಡಬೇಕಾದ ಪಂಪಿನ ಚೆಕ್ ವಾಲ್ವ್ ಅದನ್ನು ಹಿಂದಕ್ಕೆ ಬಿಡುತ್ತಿರಬಹುದು. ಹೊರಗಿನ ನಲ್ಲಿ ಜೋಡಿಸುವ ಬಾಯಿಯಲ್ಲಿ ನೀರು ತೊಟ್ಟಿಕ್ಕಿದರೆ ಆ ಬಾಯಿಯ ಚೆಕ್ ವಾಲ್ವ್ ಕೆಟ್ಟಿದೆ.

ಸೋರಿಕೆ ಹುಡುಕಲು ಕಣ್ಣಿಗಿಂತ ಟಿಶ್ಯೂ ಪೇಪರ್ ವಾಸಿ. ಸಿಂಕ್ ಕೆಳಗೆ, ಕಮೋಡ್ ಹಿಂದೆ, ವಾಟರ್ ಹೀಟರ್ ಬಳಿ, ಪಂಪಿನ ಎರಡೂ ಕಡೆ ಒಂದೊಂದು ಜೋಡಣೆಯ ಸುತ್ತಲೂ ಒಣ ಟಿಶ್ಯೂ ಒತ್ತಿ ತೆಗೆಯಿರಿ. ಸಾಸಿವೆ ಕಾಳಿನಷ್ಟು ಒದ್ದೆಯಾದರೂ ಗುರುತು ಕಾಣುತ್ತದೆ. ಇಲ್ಲಿರುವವು ಬಹುಪಾಲು ಕೈಯಿಂದ ತಿರುಗಿಸುವ ಪ್ಲಾಸ್ಟಿಕ್ ನಟ್‌ಗಳು. ದಾರಿಯ ಕುಲುಕಾಟಕ್ಕೆ ಸಡಿಲವಾಗಿರುತ್ತವೆ, ಕಾಲು ಸುತ್ತು ತಿರುಗಿಸಿದರೆ ಸಾಕು. ಸ್ಪ್ಯಾನರ್ ಹಾಕಿ ಬಿಗಿದರೆ ಎಳೆ ಹಾರಿಹೋಗುತ್ತದೆ, ಮೆಕ್ಯಾನಿಕ್ ಆತುರದಲ್ಲಿ ಹಾಗೆ ಮಾಡದಂತೆ ನೋಡಿಕೊಳ್ಳಿ. ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಪಂಪ್ ಬದಲಿಸಿ ಎಂದು ಹಟ ಹಿಡಿಯುವ ಮೊದಲು ಪಂಪಿನ ಮುಂದಿನ ಜಾಲರಿ ಬಿಚ್ಚಿ ನೋಡಿ. ಹೊಸ ಗಾಡಿಯ ಟ್ಯಾಂಕಿಗೆ ತೂತು ಕೊರೆದಾಗಿನ ಪ್ಲಾಸ್ಟಿಕ್ ಹೊಟ್ಟು ಅಲ್ಲಿ ಬಂದು ಕೂತಿರುತ್ತದೆ.

ಸ್ನಾನದ ತೊಟ್ಟಿಯ ತೂತು ಮುಚ್ಚಿ ಎರಡು ಮೂರು ಸೆಂಟಿಮೀಟರ್ ನೀರು ನಿಲ್ಲಿಸಿ, ಆಮೇಲೆ ಒಮ್ಮೆಲೇ ಬಿಡಿ. ಆ ಹೊತ್ತಿಗೆ ಇನ್ನೊಬ್ಬರು ಗಾಡಿಯ ಕೆಳಗೆ ಟಾರ್ಚ್ ಹಿಡಿದು ಕೂತಿರಬೇಕು.

ವಾಟರ್ ಹೀಟರ್ ವಿಷಯದಲ್ಲಿ ಒಂದು ಎಚ್ಚರ. ಒಳಗೆ ನೀರಿಲ್ಲದೆ ಕರೆಂಟ್ ಎಲಿಮೆಂಟ್ ಹಾಕಿದರೆ ಅದು ನೋಡನೋಡುತ್ತಲೇ ಸುಟ್ಟುಹೋಗುತ್ತದೆ. ನೀರನ್ನು ಹೀಟರಿಗೆ ಬಿಡದೆ ಪಕ್ಕದಿಂದ ದಾಟಿಸುವ ಬೈಪಾಸ್ ವಾಲ್ವ್ ತಪ್ಪು ಕಡೆಗಿದ್ದರೆ ನಲ್ಲಿಯಲ್ಲಿ ನೀರು ಬರುತ್ತದೆ, ಹೀಟರ್ ಮಾತ್ರ ಖಾಲಿಯೇ ಇರುತ್ತದೆ. ಬಿಸಿನೀರಿನ ನಲ್ಲಿ ಉಗುಳದೆ ಒಂದೇ ಸಮ ಹರಿಯುವವರೆಗೆ ಆ ಸ್ವಿಚ್ ಮುಟ್ಟಬೇಡಿ.

ಇನ್ನು ಹೊರಗಿನಿಂದ ಒಳಬರುವ ನೀರು. ಚಾವಣಿಯ ಮೇಲೆ ಕಿಂಡಿ, ಏಸಿ, ಆಂಟೆನಾ, ಸೋಲಾರ್ ತಂತಿ ಇಳಿಯುವ ಜಾಗ, ಹೀಗೆ ತೂತು ಕೊರೆದ ಪ್ರತಿ ಕಡೆಯೂ ಸೀಲೆಂಟ್ ಕಡಿಯದೆ ಸುತ್ತುವರಿದಿರಬೇಕು. ಒಂದೇ ಒಂದು ಸ್ಕ್ರೂ ತಲೆ ಬರಿದಾಗಿದ್ದರೂ ಟೇಪು ಹಚ್ಚಿ. ಎಲ್ಲೆಂದರಲ್ಲಿ ಕಾಲಿಡಬೇಡಿ, ಎಲ್ಲ ಚಾವಣಿಗಳೂ ಆಳಿನ ಭಾರ ತಡೆಯುವುದಿಲ್ಲ. ನಂತರ ಮಾಮೂಲಿ ಪೈಪಿನಿಂದ ಗೋಡೆಯ ಕೆಳಗಿನಿಂದ ಶುರು ಮಾಡಿ ಮೇಲಕ್ಕೆ ನೀರು ಹಾಯಿಸಿ. ಮೇಲಿನಿಂದ ಶುರು ಮಾಡಿದರೆ ಎಲ್ಲಿಂದ ನುಗ್ಗಿತು ಎನ್ನುವುದೇ ತಿಳಿಯುವುದಿಲ್ಲ. ಪ್ರೆಶರ್ ವಾಷರ್ ಬೇಡ, ಅದು ಸರಿಯಿರುವ ಸೀಲನ್ನೂ ಕೀಳುತ್ತದೆ. ಆಮೇಲೆ ಒಳಗೆ ಹೋಗಿ ಮೇಲಿನ ಕಪಾಟುಗಳ ಒಳಮೂಲೆ, ಕಿಟಕಿಯ ಕೆಳಮೂಲೆ, ಹಾಸಿಗೆಯ ಕೆಳಗೆ ತೇವಾಂಶ ಮೀಟರ್ ಹಿಡಿಯಿರಿ. 15 ಶೇಕಡಾದ ಒಳಗಿದ್ದರೆ ನಿಶ್ಚಿಂತೆ. 20 ದಾಟಿದರೆ ಕಾರಣ ಹುಡುಕಲೇಬೇಕು. ಮೀಟರಿನಿಂದ ಮೀಟರಿಗೆ ಅಂಕಿ ಬದಲಾಗುವುದರಿಂದ, ಮೊದಲು ಖಂಡಿತ ಒಣಗಿರುವ ನಡುಗೋಡೆಯ ಅಂಕಿ ಬರೆದುಕೊಂಡು ಉಳಿದದ್ದನ್ನು ಅದಕ್ಕೆ ಹೋಲಿಸಿ.

ಗ್ಯಾಸ್ ಜೋಡಣೆಗಳಿಗೆ ಸೋಪು ನೀರು ಸಿಂಪಡಿಸಿ, ಗುಳ್ಳೆ ಎದ್ದರೆ ಸಿಲಿಂಡರ್ ಮುಚ್ಚಿ, ಕೆಲಸ ನಿಲ್ಲಿಸಿ. ಜೊತೆಗೆ ಟೆಕ್ನಿಷಿಯನ್ ಕೈಲಿ ಒತ್ತಡ ಅಳೆಯುವ ಮ್ಯಾನೋಮೀಟರ್ ಹಾಕಿಸಿ ಒತ್ತಡ ನಿಲ್ಲುತ್ತದೆಯೇ ಎಂದು ನಿಮ್ಮ ಎದುರೇ ನೋಡಿಸಿಕೊಳ್ಳಿ. ಒಲೆಯ ಉರಿ ನೀಲಿಯಾಗಿ ನಿಂತಿರಬೇಕು. ಮೊದಲ ಸಲ ಒಲೆಯಾಗಲಿ ಗ್ಯಾಸ್‌ನಲ್ಲೂ ಓಡುವ ಫ್ರಿಜ್ ಆಗಲಿ ಎರಡು ಮೂರು ಸಲ ಹೊತ್ತದೆ ಹೋದರೆ ಗಾಬರಿ ಬೇಡ, ಪೈಪಿನಲ್ಲಿ ಗಾಳಿ ಇರುತ್ತದೆ. ಗಾಡಿಯ ಒಳಗನ್ನು ಬೆಚ್ಚಗಿಡುವ ಫರ್ನೇಸ್ ಮೊದಲ ಸಲ ಉರಿಯುವಾಗ ಎಣ್ಣೆ ಸುಟ್ಟ ವಾಸನೆ ಬರುವುದೂ ಸಹಜ, ಕಿಟಕಿ ತೆರೆದಿಡಿ. ಹೊಗೆ, ಗ್ಯಾಸ್, ಕಾರ್ಬನ್ ಮೊನಾಕ್ಸೈಡ್ ಅಲಾರಂಗಳ ಬಟನ್ ಒತ್ತಿ ನೋಡಿ, ಅವಕ್ಕೂ ಮುಗಿಯುವ ದಿನಾಂಕ ಇರುತ್ತದೆ.

ಕರೆಂಟ್ ವಿಷಯದಲ್ಲಿ ಎರಡು ಅಳತೆ ಮುಖ್ಯ. ಹೊರಗಿನ ಕರೆಂಟ್ ತೆಗೆದು, ಏನನ್ನೂ ಓಡಿಸದೆ ಕೆಲ ಗಂಟೆ ಬಿಟ್ಟ ಮೇಲೆ ಲೆಡ್ ಆಸಿಡ್ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ, ಡೀಲರ್ ಅಂಗಳದಲ್ಲಿ ನಿಂತೇ ಸೊರಗಿರಬಹುದು. ಕರೆಂಟ್ ಜೋಡಿಸಿದರೆ ಅದೇ ಮುಳ್ಳು 13.6 ರಿಂದ 14.4 ರ ನಡುವೆ ಏರಬೇಕು. ಏರದಿದ್ದರೆ ಚಾರ್ಜರ್, ಫ್ಯೂಸ್ ಅಥವಾ ಬ್ಯಾಟರಿ ಸ್ವಿಚ್ ನೋಡಿಸಿ. ಲಿಥಿಯಂ ಬ್ಯಾಟರಿಯ ವೋಲ್ಟೇಜ್ ಕೊನೆಯವರೆಗೂ ಹೆಚ್ಚು ಇಳಿಯುವುದಿಲ್ಲ, ಅದಕ್ಕೆ ಬ್ಯಾಟರಿ ಮಾನಿಟರೇ ಗತಿ. ಒಂದು ಸಾಕೆಟ್ಟನ್ನೂ ಬಿಡದೆ ಟೆಸ್ಟರ್ ಚುಚ್ಚಿ, ಅರ್ತಿಂಗ್ ಇದೆಯೇ ನೋಡಿ.

ಅಬ್ಸಾರ್ಪ್ಷನ್ ಫ್ರಿಜ್ (ಕಂಪ್ರೆಸರ್ ಇಲ್ಲದೆ, ಗ್ಯಾಸ್ ಇಲ್ಲವೇ ಕರೆಂಟಿನ ಬಿಸಿಯಿಂದ ಓಡುವುದು) ತಣ್ಣಗಾಗಲು ಹಲವು ಗಂಟೆ ಹಿಡಿಯುತ್ತದೆ, ಗಾಡಿಯೂ ಸಮತಟ್ಟಾಗಿ ನಿಂತಿರಬೇಕು. ಹಿಂದಿನ ದಿನವೇ ಆನ್ ಮಾಡಿಸಿದ್ದು ಇದಕ್ಕೇ. ಗ್ಯಾಸ್‌ನಲ್ಲಿ ಬೇರೆ, ಕರೆಂಟ್‌ನಲ್ಲಿ ಬೇರೆ ನೋಡಬೇಕು. ಏಸಿಯನ್ನು ಅರ್ಧ ಗಂಟೆ ಓಡಿಸಿ, ಒಳಗೆ ಎಳೆಯುವ ಗಾಳಿಗೂ ಹೊರಬಿಡುವ ಗಾಳಿಗೂ ಸುಮಾರು 8 ರಿಂದ 11 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸ ಇದೆಯೇ ಅಳೆಯಿರಿ. ಕಡಿಮೆ ಇದ್ದರೆ ಏಸಿಗೆ ಗ್ಯಾಸ್ ತುಂಬಿಸಬೇಕೆಂದೇನಿಲ್ಲ. ಚಾವಣಿಯೊಳಗೆ ಗಾಳಿ ಎಳೆಯುವ ದಾರಿಗೂ ಬಿಡುವ ದಾರಿಗೂ ನಡುವಿನ ಸಂದು ಮುಚ್ಚದೆ ಬಿಟ್ಟಿದ್ದರೆ, ತಣ್ಣನೆ ಗಾಳಿ ಕೋಣೆಗೆ ಬಾರದೆ ಅಲ್ಲೇ ಸುತ್ತುತ್ತಿರಬಹುದು. ಫಾಯಿಲ್ ಟೇಪಿನಲ್ಲಿ ಮುಗಿಯುವ ಕೆಲಸ.

ಸ್ಲೈಡ್-ಔಟ್ (ನಿಂತಾಗ ಜಾಗ ಹೆಚ್ಚಿಸಲು ಹೊರಕ್ಕೆ ಸರಿಯುವ ಕೋಣೆಯ ಭಾಗ) ಇದ್ದರೆ ಪೂರ್ತಿ ಹೊರಗೆ, ಪೂರ್ತಿ ಒಳಗೆ ಎರಡು ಮೂರು ಸಲ ಓಡಿಸಿ. ಒಂದು ಕಡೆ ಹಿಂದೆ ಬೀಳುತ್ತಿದ್ದರೆ, ರಬ್ಬರ್ ಸೀಲ್ ಮಡಚಿಕೊಳ್ಳುತ್ತಿದ್ದರೆ, ನೆಲ ಕೆರೆಯುತ್ತಿದ್ದರೆ ಹೊಂದಾಣಿಕೆ ತಪ್ಪಿದೆ. ಕಪಾಟಿನ ಬಾಗಿಲು, ಡ್ರಾಯರ್ ಹಿಡಿಗಳ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಡಿ.

ಟಯರಿನ ಪಕ್ಕೆಯಲ್ಲಿ DOT ಎಂದು ಶುರುವಾಗುವ ಸಂಕೇತದ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ. 1424 ಎಂದರೆ 2024ರ ಹದಿನಾಲ್ಕನೇ ವಾರ. ಗಾಡಿ ಹೊಸದಾದರೂ ಟಯರ್ ಹಳತಾಗಿರಬಹುದು. ತೂಕದ ಸ್ಟಿಕ್ಕರ್ ಅದಕ್ಕಿಂತ ಮುಖ್ಯ. ಒಟ್ಟು ಮಿತಿ 3,500 ಕಿಲೋ ಇದ್ದು, ಡ್ರೈವರ್ ಮತ್ತು ಡೀಸೆಲ್ ಸೇರಿ 3,100 ತೂಗಿದರೆ ಉಳಿದದ್ದು 400. ನೀರು 100 ಲೀಟರ್ ಎಂದರೆ 100 ಕಿಲೋ, ಜೊತೆಗೆ ಇನ್ನಿಬ್ಬರು, ಎರಡು ಸೈಕಲ್, ಒಂದು ಹೆಚ್ಚುವರಿ ಬ್ಯಾಟರಿ. ಪಾತ್ರೆ ಪಗಡಿ ಇಡುವ ಮೊದಲೇ ಮಿತಿ ಹತ್ತಿರ ಬಂದಿರುತ್ತದೆ. ಸಾಧ್ಯವಾದರೆ ವೇ ಬ್ರಿಜ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್ ಬೇರೆ ಬೇರೆ ತೂಗಿಸಿ.

ಈಗ ರಿಪೇರಿ. ಟೇಪು ಹಚ್ಚಿ ನಂಬರ್ ಹಾಕಿದ ದೋಷಗಳ ಪಟ್ಟಿಯನ್ನು ಮೂರು ಪಾಲು ಮಾಡಿ. ನೀರಿನ ಸೋರಿಕೆ, ಗ್ಯಾಸ್, ಬ್ರೇಕ್, ಅರ್ತಿಂಗ್, ಸ್ಲೈಡ್-ಔಟ್: ಇವು ಸರಿಯಾಗದೆ ಗಾಡಿ ಅಂಗಳ ಬಿಡಬಾರದು. ಅವರ ಬಳಿ ಪಾರ್ಟ್ ಇದ್ದು ಅಂದೇ ಆಗುವ ಕೆಲಸ ಅಂದೇ ಆಗಲಿ. ಗೀರು, ಬಣ್ಣ, ಬರಬೇಕಾದ ಪಾರ್ಟ್ ಇವನ್ನು ಮುಂದಕ್ಕೆ ಬಿಡಬಹುದು, ಆದರೆ ಪಾರ್ಟ್ ಆರ್ಡರ್ ನಂಬರ್ ಮತ್ತು ತಾರೀಖು ಹಾಕಿ, ಡೀಲರ್ ಸಹಿ ಮಾಡಿದ ಕಾಗದದ ಮೇಲೆ. ‘ನೀವು ತಗೊಂಡು ಹೋಗಿ ಸಾರ್, ಆಮೇಲೆ ಮಾಡಿಕೊಡ್ತೀವಿ’ ಎನ್ನುವ ಬಾಯಿಮಾತಿಗೆ ವಾರಂಟಿ ಇಲ್ಲ. ‘ಗಾಡಿ ಸುಸ್ಥಿತಿಯಲ್ಲಿ ಪಡೆದಿದ್ದೇನೆ’ ಎಂಬ ಅಚ್ಚಾದ ಸಾಲಿನ ಕೆಳಗೆ ಸಹಿ ಮಾಡುವಾಗ ಉಳಿದ ದೋಷಗಳನ್ನು ಅದೇ ಹಾಳೆಯಲ್ಲಿ ಬರೆಯಿರಿ.

ಸರ್ವಿಸ್‌ನವರು ರಿಪೇರಿ ಬರೆದಿಡುವ ಜಾಬ್ ಕಾರ್ಡ್‌ನಲ್ಲಿ ಒಂದು ದೋಷಕ್ಕೆ ಒಂದು ಸಾಲು ಇರಲಿ. ದೂರು ಏನು, ಕಾರಣ ಏನು, ಏನು ಮಾಡಿದರು ಎಂಬ ಮೂರೂ ಅದರಲ್ಲಿ ಬರಬೇಕು. ‘ಪರೀಕ್ಷಿಸಿದೆ, ಸರಿಯಿದೆ’ ಎಂದಷ್ಟೇ ಬರೆದರೆ ನಾಳೆ ಅದೇ ತೊಂದರೆ ಬಂದಾಗ ನಿಮ್ಮ ಕೈಯಲ್ಲಿ ದಾಖಲೆ ಇರುವುದಿಲ್ಲ. ಚಾಸಿ, ಮನೆಯ ಭಾಗ, ಉಪಕರಣಗಳು ಇವಕ್ಕೆ ವಾರಂಟಿ ಬೇರೆ ಬೇರೆ. ಸೀರಿಯಲ್ ನಂಬರ್‌ಗಳ ಫೋಟೋ ತೆಗೆದು ಒಂದೊಂದನ್ನೂ ಅವರವರಲ್ಲೇ ನೋಂದಾಯಿಸಿ. ವರ್ಷಕ್ಕೊಮ್ಮೆ ತೇವಾಂಶ ತಪಾಸಣೆ ಮಾಡಿಸದಿದ್ದರೆ ಸೋರಿಕೆಯ ವಾರಂಟಿಯೇ ರದ್ದು ಎನ್ನುವ ತಯಾರಕರಿದ್ದಾರೆ, ಆ ಷರತ್ತು ಈಗಲೇ ಓದಿಕೊಳ್ಳಿ.

ಸರಿ ಮಾಡಿದ್ದೇವೆ ಎಂದು ಕರೆದಾಗ ಟೇಪು ಕಿತ್ತಿದ್ದಾರೋ ಇಲ್ಲವೋ ಎಂದು ನೋಡುವುದಲ್ಲ, ಮೊದಲು ದೋಷ ತೋರಿಸಿದ ಅದೇ ಪರೀಕ್ಷೆಯನ್ನು ಮತ್ತೆ ಮಾಡಿ. ಸೋರಿದ್ದಕ್ಕೆ ಮತ್ತೆ ಪೈಪು ಹಿಡಿಯಿರಿ, ಮತ್ತೆ ಟಿಶ್ಯೂ ಒತ್ತಿ. ಒಪ್ಪಿದರೆ ಒಂದು ರಾತ್ರಿ ಅವರ ಅಂಗಳದಲ್ಲೇ ಗಾಡಿಯೊಳಗೆ ಮಲಗಿ, ಅಡುಗೆ ಮಾಡಿ, ಸ್ನಾನ ಮಾಡಿ. ಹಗಲಲ್ಲಿ ತಪ್ಪಿಸಿಕೊಂಡಿದ್ದು ಬೆಳಗಾಗುವುದರೊಳಗೆ ಸಿಕ್ಕಿಬೀಳುತ್ತದೆ. ಹೊರಟ ಮೇಲೆ ಮೊದಲ 80 ರಿಂದ 160 ಕಿಲೋಮೀಟರ್ ಒಳಗೆ ಚಕ್ರದ ನಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೊಮ್ಮೆ ನೋಡಿ. ಎಷ್ಟು ಬಿಗಿ ಇರಬೇಕೆಂಬುದು ಚಾಸಿ ಕೈಪಿಡಿಯಲ್ಲಿದೆ.