ಐದು ವೆಸ್ಟರ್ನ್, ನನ್ನ ಒಂದೇ ಸಾಲು

ಅಕ್ಟೋಬರ್ ಕೊನೆಯ ಒಂದು ಶುಕ್ರವಾರ, ರಾತ್ರಿ ಹತ್ತೂವರೆಗೆ ಫೋನ್ ಬಂತು. ಹೊಸದಾಗಿ ಸೇರಿದ ವ್ಯಾನ್ ಡ್ರೈವರ್. "ವೆಸ್ಟರ್ನ್ ಸ್ಟೇಷನ್ ಅಂತ ತೋರಿಸ್ತಿದೆ. ಇಲ್ಲಿ ಸ್ಟೇಷನ್ನೇ ಇಲ್ಲವಲ್ಲ. ಟೈರ್ ಅಂಗಡಿ ಇದೆ, ಅದೂ ಬಾಗಿಲು ಹಾಕಿದೆ."

ನಾನು ಕೆಲಸ ಮಾಡುವುದು ಶಿಕಾಗೊದ ಒಂದು ಸಣ್ಣ ಕಂಪನಿಯಲ್ಲಿ. ರಾತ್ರಿ ಪಾಳಿಯವರನ್ನು ರೈಲು ನಿಲ್ದಾಣಗಳಿಂದ ಗೋದಾಮುಗಳಿಗೆ ಒಯ್ಯುವ ವ್ಯಾನ್‌ಗಳಿಗೆ ದಾರಿ ಹಾಕಿಕೊಡುತ್ತೇವೆ. ಯಾವ ವ್ಯಾನ್ ಎಲ್ಲಿ, ಎಷ್ಟು ಗಂಟೆಗೆ ನಿಲ್ಲಬೇಕು ಅನ್ನುವ ಪಟ್ಟಿಯ ಹಿಂದಿರುವ ಡೇಟಾ ನನ್ನ ಜವಾಬ್ದಾರಿ. ಆ ಡ್ರೈವರ್ ನಿಂತಿದ್ದದ್ದು ಮ್ಯಾಡಿಸನ್ ಸ್ಟ್ರೀಟ್ ಹತ್ತಿರ. ಅವನಿಗಾಗಿ ಏಳು ಜನ ಕಾಯುತ್ತಿದ್ದದ್ದು ಅಲ್ಲಿಂದ ಸುಮಾರು ಒಂಬತ್ತು ಕಿಲೋಮೀಟರ್ ದಕ್ಷಿಣಕ್ಕೆ, ಆರೆಂಜ್ ಲೈನ್‌ನ ವೆಸ್ಟರ್ನ್ ನಿಲ್ದಾಣದ ಕೆಳಗೆ, ಗಾಳಿಯಲ್ಲಿ.

ತಪ್ಪು ನನ್ನದೇ. ಎರಡು ವಾರದ ಹಿಂದೆ ಪಟ್ಟಿ ಕ್ಲೀನ್ ಮಾಡಲು ಕೂತಿದ್ದೆ. "ವೆಸ್ಟರ್ನ್" ಅಂತ ಐದು ಸಾಲು ಕಂಡವು. ಅದೇ ಹೆಸರು, ಅದೇ ರಸ್ತೆ. ಯಾರೋ ಐದು ಸಲ ತುಂಬಿದ್ದಾರೆ ಅಂದುಕೊಂಡೆ. ಒಂದೇ ಹೆಸರಿನ ಸಾಲುಗಳನ್ನು ಕೂಡಿಸುವ ಸ್ಕ್ರಿಪ್ಟ್ ಬರೆದೆ. ಐದರ ಅಕ್ಷಾಂಶ ರೇಖಾಂಶ ಸ್ವಲ್ಪ ಬೇರೆ ಬೇರೆ ಇದ್ದವು, ಸರಾಸರಿ ತೆಗೆದು ಒಂದು ಮಾಡಿದೆ. ಆ ಸರಾಸರಿ ಬಿದ್ದದ್ದೇ ಟೈರ್ ಅಂಗಡಿ ಮುಂದೆ. "ಸ್ವಲ್ಪ" ಅಂದೆನಲ್ಲ, ದಶಮಾಂಶದ ಮೊದಲ ಎರಡು ಅಂಕಿಗಳಲ್ಲಿ ವ್ಯತ್ಯಾಸ. ಪರದೆಯ ಮೇಲೆ ಅದು ಏನೂ ಅಲ್ಲ ಅನಿಸುತ್ತದೆ.

ವೆಸ್ಟರ್ನ್ ಅವೆನ್ಯೂ ಮೇಲೆ ಆ ಹೆಸರಿನ ಐದು ಎಲ್ ರೈಲು (ಇಲ್ಲಿನ ಮೆಟ್ರೊ) ನಿಲ್ದಾಣಗಳಿವೆ. ಬ್ರೌನ್ ಲೈನ್‌ಗೆ ಒಂದು, ಪಿಂಕ್‌ಗೆ ಒಂದು, ಆರೆಂಜ್‌ಗೆ ಒಂದು, ಬ್ಲೂ ಲೈನ್ ಒಂದಕ್ಕೇ ಎರಡು. ಓಹೇರ್ ವಿಮಾನ ನಿಲ್ದಾಣದಲ್ಲಿ ಬ್ಲೂ ಲೈನ್ ಹತ್ತಿ ಫಾರೆಸ್ಟ್ ಪಾರ್ಕ್‌ವರೆಗೆ ಕೂತರೆ "ವೆಸ್ಟರ್ನ್" ಎರಡು ಸಲ ಬರುತ್ತದೆ. ರೈಲು ದೊಡ್ಡ ರಸ್ತೆಯನ್ನು ಎಲ್ಲಿ ದಾಟುತ್ತದೋ ಅಲ್ಲಿನ ನಿಲ್ದಾಣಕ್ಕೆ ಆ ರಸ್ತೆಯ ಹೆಸರನ್ನೇ ಇಡುವುದು ಇಲ್ಲಿನ ರೂಢಿ. ರಸ್ತೆ ಉದ್ದ ಇದ್ದಷ್ಟೂ ಅದೇ ಹೆಸರಿನ ನಿಲ್ದಾಣ ಜಾಸ್ತಿ.

ನನಗೆ ಹೆಚ್ಚು ನಾಚಿಕೆ ಆದದ್ದು ಇನ್ನೊಂದಕ್ಕೆ. ನಾನು ಬೆಂಗಳೂರಿನವನು. ಬಡಾವಣೆಗೊಂದು ಫಸ್ಟ್ ಮೇನ್, ಮೂಲೆಗೊಂದು ಐದನೇ ಕ್ರಾಸ್ ಇರುವ ಊರು. "ಹಳೇ ನಂಬರ್ 17, ಹೊಸ ನಂಬರ್ 42, ಗಣೇಶನ ದೇವಸ್ಥಾನದ ಹಿಂದುಗಡೆ" ಅಂತ ವಿಳಾಸ ಬರೆದು ಬೆಳೆದವನು. ಊರಿನ ಐದನೇ ಕ್ರಾಸ್‌ಗಳನ್ನೆಲ್ಲ ಒಂದು ಮಾಡು ಅಂದಿದ್ದರೆ ನಗುತ್ತಿದ್ದೆ. ಇಲ್ಲಿ ರಸ್ತೆಗಳು ಗೆರೆ ಎಳೆದ ಹಾಗೆ ನೆಟ್ಟಗಿವೆ, ಹಾಗಾಗಿ ಗೊಂದಲವೇ ಇರುವುದಿಲ್ಲ ಅಂತ ನಂಬಿಬಿಟ್ಟಿದ್ದೆ.

ಎರಡು ವಾರ ಇದು ಯಾಕೆ ಗೊತ್ತಾಗಲಿಲ್ಲ? ಹಳೇ ಡ್ರೈವರ್‌ಗಳು ಪರದೆ ನೋಡುವುದೇ ಇಲ್ಲ. ತಪ್ಪು ತೋರಿಸಿದರೂ ಸರಿಯಾದ ಜಾಗಕ್ಕೇ ಹೋಗುತ್ತಿದ್ದರು, ಸುಮ್ನೆ. ಒಬ್ಬರೂ ದೂರು ಹೇಳಲಿಲ್ಲ. ನನ್ನ ಡೇಟಾವನ್ನು ಅಕ್ಷರಶಃ ನಂಬಿದವನು ಆ ಹೊಸ ಹುಡುಗ ಒಬ್ಬನೇ.

ಆ ರಾತ್ರಿಯೇ ಐದೂ ಸಾಲು ವಾಪಸ್ ಹಾಕಿದೆ. ಸೋಮವಾರ ಮ್ಯಾನೇಜರ್ ಬೈಯಲಿಲ್ಲ. ನಗರದ ದಕ್ಷಿಣದಲ್ಲೇ ಹುಟ್ಟಿ ಬೆಳೆದ ಹೆಂಗಸು. "ವೆಸ್ಟರ್ನ್ ನೋಡಿದ್ದೀಯಾ?" ಅಂತಷ್ಟೇ ಕೇಳಿದರು. ನೋಡಿದ್ದೆ, ಕಾರಿನಿಂದ. ಅದೂ ಡಿವಾನ್ ಅವೆನ್ಯೂಗೆ ದಿನಸಿ ತರಲು ಹೋದಾಗ, ಪಾರ್ಕಿಂಗ್ ಹುಡುಕುತ್ತಾ.

ಹಾಗಾಗಿ ನವೆಂಬರಿನ ಎರಡು ಶನಿವಾರ ನಡೆದೆ. ಉತ್ತರದ ಹೊವರ್ಡ್ ಸ್ಟ್ರೀಟ್‌ನಿಂದ ದಕ್ಷಿಣದ 119ನೇ ಸ್ಟ್ರೀಟ್‌ವರೆಗೆ, ಸುಮಾರು 38 ಕಿಲೋಮೀಟರ್. ಶಿಕಾಗೊದ ಒಳಗೆ ಇಷ್ಟು ಉದ್ದ ಎಲ್ಲೂ ಕಡಿಯದೆ ಹೋಗುವ ರಸ್ತೆ ಇನ್ನೊಂದಿಲ್ಲ. ಹೊವರ್ಡ್ ದಾಟಿದರೆ ಎವನ್ಸ್ಟನ್ ಊರು. ಅಲ್ಲಿ ಇದೇ ರಸ್ತೆ ಆಸ್ಬರಿ ಅಂತ ಹೆಸರು ಬದಲಿಸಿಕೊಳ್ಳುತ್ತದೆ.

ಚಪಾತಿ ರೋಲ್ ಕಟ್ಟಿಕೊಂಡು ಏಳೂವರೆಗೆ ಹೊರಟೆ. ಡಿವಾನ್ ಮೂಲೆಗೆ ಬಂದಾಗ ಎಂಟು ಗಂಟೆ. ನಮ್ಮವರ ಸೀರೆ ಅಂಗಡಿ, ಮಿಠಾಯಿ ಅಂಗಡಿ ಎಲ್ಲ ಇನ್ನೂ ಬಾಗಿಲು ತೆಗೆದಿರಲಿಲ್ಲ. ಬಿಸಿ ಕಾಫಿಯ ಆಸೆ ಅಲ್ಲೇ ಬಿಟ್ಟೆ. ಅದರಿಂದ ಮುಂದೆ ಎಡಗಡೆ ರೋಸ್‌ಹಿಲ್ ಸ್ಮಶಾನ ಸಿಗುತ್ತದೆ. 1859ರಷ್ಟು ಹಳೆಯದು. ಆ ಬೇಲಿಯುದ್ದಕ್ಕೂ ಬಾಗಿಲಿಲ್ಲ, ಬಾಗಿಲಿಲ್ಲದ ಮೇಲೆ ನಂಬರೂ ಇಲ್ಲ. ಎರಡು ಗೊತ್ತಿರುವ ನಂಬರ್‌ಗಳ ಮಧ್ಯೆ ಉಳಿದವನ್ನು ಅಂದಾಜು ಮಾಡಿ ಹಾಕುವುದು ನಮ್ಮ ಪದ್ಧತಿ. ಅಂದರೆ ಸಮಾಧಿಗಳಿಗೂ ಬೆಸ ಸಂಖ್ಯೆಯ ವಿಳಾಸ ಕೊಟ್ಟಿದ್ದೆ.

ಇಲ್ಲಿನ ನಂಬರ್ ವ್ಯವಸ್ಥೆ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಡೆದಾಗಲೇ ನನಗೆ ಅದು ಅರ್ಥವಾದದ್ದು. ಸ್ಟೇಟ್ ಸ್ಟ್ರೀಟ್ ಮತ್ತು ಮ್ಯಾಡಿಸನ್ ಸ್ಟ್ರೀಟ್ ಸೇರುವ ಜಾಗವೇ ಸೊನ್ನೆ. ಅಲ್ಲಿಂದ ನಾಲ್ಕೂ ದಿಕ್ಕಿಗೆ ಎಣಿಕೆ. ವೆಸ್ಟರ್ನ್ ಇರುವುದು ಪಶ್ಚಿಮಕ್ಕೆ 2400ರಲ್ಲಿ, ಅಂದರೆ ಮೂರು ಮೈಲಿ. ಉತ್ತರ ದಕ್ಷಿಣ ಹೋಗುವ ರಸ್ತೆಯಲ್ಲಿ ಸಮ ಸಂಖ್ಯೆ ಪಶ್ಚಿಮದ ಬದಿಗೆ, ಬೆಸ ಸಂಖ್ಯೆ ಪೂರ್ವದ ಬದಿಗೆ. ಇದನ್ನು ಹಠ ಹಿಡಿದು ತಂದವನು ಎಡ್ವರ್ಡ್ ಬ್ರೆನನ್. ಅವನು ನಗರದ ಅಧಿಕಾರಿ ಅಲ್ಲ, ಸಂಗೀತ ವಾದ್ಯ ಮಾರುವ ಕಂಪನಿಯ ಬಿಲ್ ವಸೂಲಿಗಾರ! ಮನೆ ಹುಡುಕಿ ಹುಡುಕಿ ಸಾಕಾಗಿತ್ತು. ಹೊಸ ನಂಬರ್‌ಗಳು ಜಾರಿಗೆ ಬಂದದ್ದು 1909ರ ಸೆಪ್ಟೆಂಬರ್ 1ಕ್ಕೆ.

ಎಂಟು ನೂರು ನಂಬರ್‌ಗೆ ಒಂದು ಮೈಲಿ. ಇದು ನನಗೆ ಮೊದಲೇ ಗೊತ್ತಿತ್ತು. ನಕ್ಷೆಯಲ್ಲಿ ಸಿಗದ ವಿಳಾಸಕ್ಕೆ ದೂರ ಲೆಕ್ಕ ಹಾಕಲು ಅದನ್ನೇ ಸೂತ್ರ ಮಾಡಿಕೊಂಡಿದ್ದೆ. ಉತ್ತರದಲ್ಲಿ ಅದು ಕಾಲಿಗೂ ಗೊತ್ತಾಗುತ್ತದೆ. 3200 ಬೆಲ್ಮಂಟ್, 2400 ಫುಲರ್ಟನ್, 1600 ನಾರ್ತ್ ಅವೆನ್ಯೂ. ಇಪ್ಪತ್ತು ನಿಮಿಷಕ್ಕೆ ಒಂದು ದೊಡ್ಡ ಸಿಗ್ನಲ್, ಗಡಿಯಾರ ಇಟ್ಟ ಹಾಗೆ. ಡಿವಿಷನ್ ಸ್ಟ್ರೀಟ್ ಮೂಲೆಯಲ್ಲಿ ಉಕ್ಕಿನಲ್ಲಿ ಮಾಡಿದ ಪೋರ್ಟೊ ರಿಕೊ ಧ್ವಜ ರಸ್ತೆಗೆ ಕಮಾನಿನ ಹಾಗೆ ನಿಂತಿದೆ, 1995ರದು. ಅದನ್ನು ನೋಡುತ್ತಾ ನಿಂತು ಐದು ನಿಮಿಷ ಹೋಯಿತು. ಉಳಿದಂತೆ ಲೆಕ್ಕ ಎಲ್ಲೂ ತಪ್ಪಲಿಲ್ಲ.

ಮ್ಯಾಡಿಸನ್ ದಾಟಿದ ಮೇಲೆ ತಪ್ಪಿತು.

ಮೊದಲು ನಾನೇ ಜೋರಾಗಿ ನಡೆಯುತ್ತಿದ್ದೇನೆ ಅಂದುಕೊಂಡೆ. ಐಸೆನ್‌ಹೋವರ್ ಹೆದ್ದಾರಿಯ ಸೇತುವೆ ಮೇಲೆ ಬ್ಲೂ ಲೈನ್‌ನ ಎರಡನೇ ವೆಸ್ಟರ್ನ್ ಇದೆ, ಪ್ಲಾಟ್‌ಫಾರ್ಮ್ ಕೆಳಗೆ ಕಾರುಗಳ ಮಧ್ಯೆ. ಅಲ್ಲಿಂದ ರೂಸ್‌ವೆಲ್ಟ್ ರೋಡ್ ಬಂದೇಬಿಟ್ಟಿತು. ಫೋನ್ ನೋಡಿದರೆ ಮ್ಯಾಡಿಸನ್‌ನಿಂದ ಒಂದೇ ಮೈಲಿ, ಇಪ್ಪತ್ತೊಂದು ನಿಮಿಷ. ಬಾಗಿಲ ನಂಬರ್ ಮಾತ್ರ 1200. ಅದೇ ಇಪ್ಪತ್ತು ನಿಮಿಷ, ನಂಬರ್ ಮಾತ್ರ ಒಂದೂವರೆ ಪಟ್ಟು ಓಡಿದೆ. ಕಾಲು ನೋಯುತ್ತಿತ್ತು, ಆದರೂ ರಸ್ತೆ ಬದಿಯಲ್ಲಿ ನಿಂತು ನೋಟ್‌ಬುಕ್ ತೆಗೆದೆ.

ಕಾರಣ ಸರಳ. ದಕ್ಷಿಣದ ರಸ್ತೆಗಳಿಗೆ ಮೊದಲೇ ಸಂಖ್ಯೆಯ ಹೆಸರುಗಳಿದ್ದವು. ಒಂದು ಮೈಲಿಗೆ 12ನೇ ಸ್ಟ್ರೀಟ್, ಅದೇ ಇವತ್ತಿನ ರೂಸ್‌ವೆಲ್ಟ್. ಎರಡನೇ ಮೈಲಿಗೆ 22ನೇದು, ಈಗಿನ ಸರ್ಮಾಕ್. ಮೂರನೆಯದಕ್ಕೆ 31. ಮನೆ ನಂಬರ್ ಆ ಹೆಸರುಗಳಿಗೆ ಹೊಂದಿಕೊಂಡಿತು. ಹಾಗಾಗಿ ಮೊದಲ ಮೈಲಿಗೆ 1200, ಎರಡನೆಯದಕ್ಕೆ 1000, ಮೂರನೆಯದಕ್ಕೆ 900. ಅದಾದ ಮೇಲೆ ಮತ್ತೆ 800. ನನ್ನ ಸೂತ್ರದ ಪ್ರಕಾರ ಮ್ಯಾಡಿಸನ್‌ನಿಂದ 31ಕ್ಕೆ ಹತ್ತಿರ ಹತ್ತಿರ ನಾಲ್ಕು ಮೈಲಿ. ನಿಜಕ್ಕೂ ಮೂರು. ಆ ಭಾಗದ ವ್ಯಾನ್‌ಗಳು ಯಾವಾಗಲೂ "ಬೇಗ" ತಲುಪುತ್ತವೆ ಅಂತ ನಮ್ಮ ವರದಿಯಲ್ಲಿ ಬರುತ್ತಿತ್ತು. ಚೆನ್ನಾಗಿ ಓಡಿಸುತ್ತಾರೆ ಅಂತ ಎರಡು ಸಲ ಮೆಚ್ಚುಗೆಯ ಮೇಲ್ ಕೂಡ ಹೋಗಿತ್ತು!

ಮೊದಲ ದಿನ ಅಲ್ಲಿಗೆ ನಿಲ್ಲಿಸಿದೆ.

ಎರಡನೇ ಶನಿವಾರ ಮಳೆ. ಪಿಂಕ್ ಲೈನ್ ಕಳೆದು ಕಾಲುವೆಯ ಸೇತುವೆ ಹತ್ತಿದರೆ ಗಾಳಿಗೆ ಕೊಡೆ ತಿರುಗಿಕೊಂಡಿತು. ನಡೆಯುವವನು ನಾನೊಬ್ಬನೇ. 49ನೇ ನಂಬರ್ ಬಸ್ ಪಕ್ಕದಲ್ಲಿ ಹೋದಾಗಲೆಲ್ಲ ಹತ್ತಿಬಿಡೋಣ ಅನಿಸುತ್ತಿತ್ತು. ಅಲ್ಲಿಂದ ಮುಂದೆ ಇನ್ನೊಂದು ಕಂಡೆ. ವೆಸ್ಟರ್ನ್ ಅವೆನ್ಯೂ ಪಕ್ಕದಲ್ಲೇ, ನಡುವೆ ಹುಲ್ಲು ಮರಗಳ ಪಟ್ಟಿ ಬಿಟ್ಟು, ವೆಸ್ಟರ್ನ್ ಬುಲೆವಾರ್ಡ್ ಅಂತ ಬೇರೆಯೇ ರಸ್ತೆ ಜೊತೆಯಲ್ಲಿ ಓಡುತ್ತದೆ. "ಬುಲೆವಾರ್ಡ್" ಅಂತ ಕಂಡಲ್ಲೆಲ್ಲ ಟೈಪಿಂಗ್ ತಪ್ಪು ಅಂತ "ಅವೆನ್ಯೂ" ಮಾಡಿದವನೂ ನಾನೇ.

49ನೇ ಸ್ಟ್ರೀಟ್ ಹತ್ತಿರ ಆರೆಂಜ್ ಲೈನ್ ಬಂತು. ಆ ಏಳು ಜನ ಕಾದ ಜಾಗ. ಹಳಿಯ ಕೆಳಗೆ ನಿಂತರೂ ಮಳೆ ಅಡ್ಡ ಹೊಡೆಯುತ್ತದೆ, ಒಂದೊಂದು ರೈಲು ಹೋದಾಗಲೂ ಮೇಲಿಂದ ನೀರು ಸುರಿಯುತ್ತದೆ. ಹತ್ತು ನಿಮಿಷ ನಿಂತೆ. ಅವರು ನಿಂತದ್ದು ಐವತ್ತು ನಿಮಿಷ.

ಆಮೇಲಿನದು ಬರೀ ಕಾಲೆಳೆಯುವ ಕೆಲಸ. 63, 79, 87. ಕಾರು ಮಾರುವ ಅಂಗಡಿಗಳು, ಚರ್ಚ್‌ಗಳು, ಮತ್ತೆ ಕಾರು. ಒಂದು ಕಾಲದಲ್ಲಿ, 1851ರಿಂದ 1869ರವರೆಗೆ, ಈ ರಸ್ತೆಯೇ ನಗರದ ಪಶ್ಚಿಮದ ಗಡಿ. ಹೆಸರು ಅದಕ್ಕೇ. ಈಗ ಊರು ಅದನ್ನು ನುಂಗಿ ಎಷ್ಟೋ ಮೈಲಿ ಆಚೆ ಹೋಗಿದೆ. ನಮ್ಮ ಔಟರ್ ರಿಂಗ್ ರೋಡ್‌ನಲ್ಲಿ "ಔಟರ್" ಎಷ್ಟು ಉಳಿದಿದೆಯೋ ಇದರಲ್ಲಿ "ವೆಸ್ಟರ್ನ್" ಅಷ್ಟೇ ಉಳಿದಿದೆ. 119ಕ್ಕೆ ಬಂದಾಗ ಕತ್ತಲಾಗಿತ್ತು.

ಸೋಮವಾರ ಪಟ್ಟಿಗೆ ಒಂದು ಕಾಲಂ ಸೇರಿಸಿದೆ, ಡ್ರೈವರ್‌ಗಳು ಆ ಜಾಗವನ್ನು ಏನಂತ ಕರೆಯುತ್ತಾರೆ ಅಂತ. ಹಳಬರನ್ನು ಕೇಳಿ ಕೇಳಿ ತುಂಬಿದೆ: "ಹೆದ್ದಾರಿ ಮಧ್ಯದ ವೆಸ್ಟರ್ನ್", "49ರ ವೆಸ್ಟರ್ನ್". ನಡುಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರ್ ಬಂದು ಪರದೆ ನೋಡಿದರು. ಸಮ ಸಂಖ್ಯೆ ಯಾವ ಬದಿ ಅಂತ ಕೇಳಿದರು. "ಪಶ್ಚಿಮ" ಅಂದೆ, ಯೋಚಿಸದೆ.

"ಸರಿ. ಪುಲಾಸ್ಕಿ ನೋಡಿದೆಯಾ?"

ಸ್ಕ್ರಿಪ್ಟ್ ಬರೆದದ್ದು ವೆಸ್ಟರ್ನ್ ಒಂದಕ್ಕೇ ಅಲ್ಲವಲ್ಲ. ತೆಗೆದು ನೋಡಿದೆ. ಪುಲಾಸ್ಕಿ ನಾಲ್ಕು ನಿಲ್ದಾಣ, ಕೆಡ್ಜಿ ನಾಲ್ಕು, ಸಿಸೆರೊ ಮೂರು. ಎಲ್ಲವೂ ಒಂದೊಂದೇ ಸಾಲಾಗಿ ಕೂತಿದ್ದವು. ಮೇಜಿನ ಕೆಳಗೆ ನನ್ನ ಶೂ ಇನ್ನೂ ಒಣಗಿರಲಿಲ್ಲ.