ಹಾಲ್ಟಿಂಗ್ ಬಸ್ಸು ನಮ್ ಶೀಟಲ್ಲಿ ಇರ್ಲೇ ಇಲ್ಲ

2025ರ ಆಗಸ್ಟ್ 16, ಶನಿವಾರ. ಹಿಂದಿನ ದಿನ ಸ್ವಾತಂತ್ರ್ಯ ದಿನ, ಅವತ್ತು ಕೃಷ್ಣ ಜನ್ಮಾಷ್ಟಮಿ, ಮಾರನೇ ದಿನ ಭಾನುವಾರ, ಸಾಲಾಗಿ ಮೂರು ರಜೆ, ಮಳೆಯೂ ಚೆನ್ನಾಗಿ ಹಿಡ್ಕೊಂಡಿತ್ತು. ಅವತ್ತು ಸಂಜೆ ಏಳೂಕಾಲಿಂದ ಎಂಟೂವರೆ ತನಕ ನಡೆದಿದ್ದನ್ನ ಬರೀಬೇಕು ಅಂತ ಅಂದ್ಕೊಳ್ತಾನೇ ಇದ್ದೆ, ಕೈ ಬರ್ತಿರ್ಲಿಲ್ಲ. ಈಗ ಈ ಸಲದ ಸೀಸನ್ ಫೈಲ್ ಮತ್ತೆ ಟೇಬಲ್ ಮೇಲೆ ಬಂದು ಕೂತಿದೆ, ಅದಕ್ಕೇ ಬರೀತಿದೀನಿ.

ನಾನು ಶಿವಮೊಗ್ಗದಲ್ಲಿ ಒಂದು ಸಣ್ಣ ಕನ್ಸಲ್ಟೆನ್ಸಿಯಲ್ಲಿ ಇದೀನಿ, ಟ್ರಾಫಿಕ್ ಸರ್ವೆ, ಪಾರ್ಕಿಂಗ್ ಪ್ಲಾನ್, ರೋಡ್ ಅಗಲ ಮಾಡೋ ರಿಪೋರ್ಟು ಇಂಥದ್ದೇ ಕೆಲಸ. ಘಟ್ಟದ ಕಡೆ ಒಂದು ಫಾಲ್ಸ್‌ಗೆ ಮಳೆಗಾಲದ ಟ್ರಾಫಿಕ್ ಪ್ಲಾನ್ ಮಾಡ್ಕೊಡಿ ಅಂತ ಕೆಲಸ ಬಂತು. ಫಾಲ್ಸ್ ಹೆಸರು ಬರೆಯಲ್ಲ, ಆ ಊರಿಗೆ ಈಗ ಬರ್ತಿರೋ ಜನಾನೇ ಜಾಸ್ತಿ ಆಗಿದೆ. ಮೇನ್ ರೋಡಿಂದ ಆರು ಕಿಲೋಮೀಟ್ರು ಒಳಗೆ, ಸಿಂಗಲ್ ರೋಡು, 3.75 ಮೀಟರ್ ಡಾಂಬರು, ಎರಡು ಬದಿ ಚರಂಡಿ, ಮಧ್ಯೆ ಒಂದು ಕೈಮರ, ಅಲ್ಲಿಂದ ಎಡಕ್ಕೆ ಮೇಲಿನೂರಿಗೆ ಹೋಗತ್ತೆ, ನೇರ ಹೋದ್ರೆ ನಾನೂರು ಮೀಟರ್‌ಗೆ ಒಂದು ಅರಳಿಕಟ್ಟೆ, ಕಟ್ಟೆ ಮುಂದೆ ಜಂಬಿಟ್ಟಿಗೆ ಮಣ್ಣಿನ ಗಟ್ಟಿ ಮೈದಾನ, ಅದರಾಚೆ ಹೋಂಸ್ಟೇಗಳು ಮತ್ತೆ ಫಾಲ್ಸ್ ಗೇಟು.

ವರ್ಕ್ ಆರ್ಡರ್ ಸಿಕ್ಕಿದ್ದೇ ಏಪ್ರಿಲ್ ಕೊನೆಗೆ, ರಿಪೋರ್ಟ್ ಜೂನ್ ಒಳಗೆ ಕೊಡ್ಬೇಕು, ಹಾಗಾಗಿ ಸಿವಿಸಿ, ಅಂದ್ರೆ ರಸ್ತೆ ಬದಿ ಕೂತು ಯಾವ್ಯಾವ ಥರದ ಗಾಡಿ ಎಷ್ಟು ಅಂತ ಎಣಿಸೋದು, ಮಾಡಿದ್ದು ಮೇ ತಿಂಗಳಲ್ಲಿ. ಒಂದು ಬುಧವಾರ, ಒಂದು ಭಾನುವಾರ, ಬೆಳಿಗ್ಗೆ 7ರಿಂದ ಸಂಜೆ 7. ಫಾಲ್ಸಲ್ಲಿ ಆಗ ಇದ್ದಿದ್ದು ದಾರದಷ್ಟು ನೀರು. ಅದಕ್ಕೆ ಸೀಸನಲ್ ಫ್ಯಾಕ್ಟರ್ ಅಂತ ಒಂದನ್ನ ಗುಣಿಸಿ ಆಗಸ್ಟ್ ಅಂತ ಮಾಡಿದ್ವಿ. ಮಳೆಗಾಲದ ಪ್ಲಾನಿಗೆ ಮಳೆಗಾಲದಲ್ಲೇ ಎಣಿಸ್ಬೇಕು, ಇದನ್ನ ಆಫೀಸಲ್ಲಿ ಎಷ್ಟು ಸಲ ಹೇಳಿದ್ರೂ ಬಿಲ್ಲಿಂಗ್ ಡೇಟ್ ಮುಂದೆ ಯಾರಿಗೂ ಕೇಳಿಸಲ್ಲ. ಆದ್ರೆ ಅವತ್ತಿನ ತಪ್ಪು ಬರೀ ಆಫೀಸಿಂದಲ್ಲ, ಅದರಲ್ಲಿ ದೊಡ್ಡ ಪಾಲು ನಂದೇ.

ನಮ್ ಪ್ಲಾನ್ ಪೇಪರ್ ಮೇಲೆ ಚೆನ್ನಾಗೇ ಇತ್ತು. ಮೇನ್ ರೋಡ್ ಹತ್ರ ಒಂದು ಬ್ಯಾಣದಲ್ಲಿ (ಹುಲ್ಲುಗಾವಲು) ಪಾರ್ಕಿಂಗ್, ಅಲ್ಲಿಂದ ಊರಿನವರದ್ದೇ ಜೀಪಲ್ಲಿ ಜನಾನ ಒಳಗೆ ಕರ್ಕೊಂಡು ಹೋಗೋದು, ಹೋಂಸ್ಟೇ ಬುಕ್ ಮಾಡಿದ ಕಾರಿಗೆ ಮಾತ್ರ ಒಳಗೆ ಬಿಡೋದು, ಆ ಕಾರುಗಳಿಗೆ ಅರಳಿಕಟ್ಟೆ ಮೈದಾನದಲ್ಲಿ 40 ಇಸಿಎಸ್, ಅಂದ್ರೆ 40 ಕಾರು ನಿಲ್ಲೋಷ್ಟು ಜಾಗ. ಪಂಚಾಯ್ತಿ ಹಾಲಲ್ಲಿ ಮೀಟಿಂಗ್ ಆಯ್ತು, ಜೂನ್ ಎರಡನೇ ವಾರ, ಬೆಳಿಗ್ಗೆ ಹನ್ನೊಂದಕ್ಕೆ. ಬಂದವರು ಹೋಂಸ್ಟೇಯವರು, ಜೀಪಿನವರು, ಅಂಗಡಿಯವರು, ಮೆಂಬರುಗಳು. ಎಲ್ಲಾ ಒಪ್ಪಿದ್ರು. ಜೀಪ್ ರೇಟಿಗೆ ಸ್ವಲ್ಪ ಜಗಳ ಆಯ್ತು, ಪಾರ್ಕಿಂಗ್ ಫೀ ಹೆಂಗಸರ ಸಂಘಕ್ಕೆ ಕೊಡ್ಬೇಕೋ ಟೆಂಡರ್ ಕರೀಬೇಕೋ ಅಂತ ಒಂದು ಗಂಟೆ ಮಾತಾಯ್ತು, ಕೊನೆಗೆ ಸಂಘಕ್ಕೇ ಅಂತ ಆಯ್ತು, ಟೀ ಕುಡಿದು ಬಂದ್ವಿ. ಇಷ್ಟು ಸಲೀಸಾಗಿ ಒಪ್ಪಿಗೆ ಸಿಕ್ತಲ್ಲ ಅಂತ ನಾನು ದಾರಿಯುದ್ದಕ್ಕೂ ಖುಷಿಯಲ್ಲಿದ್ದೆ. ಜೂನ್ ತಿಂಗಳ ಬೆಳಿಗ್ಗೆ ಹನ್ನೊಂದಕ್ಕೆ ತೋಟ ಗದ್ದೆ ಇರೋರು ಎಲ್ಲಿರ್ತಾರೆ ಅಂತ ಯೋಚನೆ ಬರ್ಲಿಲ್ಲ. ಮಳೆ ಸ್ವಲ್ಪ ಬಿಟ್ರೆ ಸಾಕು ಅಡಿಕೆಗೆ ಕೊಳೆ ಔಷಧಿ ಹೊಡೀಬೇಕು, ಗದ್ದೆಯಲ್ಲಿ ಸಸಿಮಡಿ, ಕೂಲಿಗೆ ಹೋಗೋ ಹೆಂಗಸರು ಬೆಳಿಗ್ಗೇನೇ ಹೊರಟಿರ್ತಾರೆ. ಮೇಲಿನೂರಿಂದ ಒಬ್ರೂ ಬಂದಿರ್ಲಿಲ್ಲ. ಹಾಜರಿ ಪುಸ್ತಕ ಈಗ ತೆಗೆದು ನೋಡಿದ್ರೆ ಅದು ಕಣ್ಣಿಗೆ ಹೊಡೆಯತ್ತೆ.

ಮಧ್ಯೆ ಇನ್ನೊಂದಾಯ್ತು. ಜುಲೈ 14ಕ್ಕೆ ಸಿಗಂದೂರು ಸೇತುವೆ ಓಪನ್ ಆಯ್ತು, ಅಂಬಾರಗೋಡ್ಲು ಕಳಸವಳ್ಳಿ ಮಧ್ಯೆ ಹಿನ್ನೀರಿನ ಮೇಲೆ 2.44 ಕಿಲೋಮೀಟ್ರು. ಲಿಂಗನಮಕ್ಕಿ ನೀರು ನಿಂತಾಗಿಂದ ತುಮರಿ ಕಡೆಯವರು ಲಾಂಚ್ ಕಾದ್ಕೊಂಡೇ ಜೀವನ ಮಾಡಿದಾರೆ, ಆ ಸೇತುವೆ ಅವರಿಗೆ ಎಂದೋ ಬರ್ಬೇಕಿತ್ತು. ಆದ್ರೆ ನಮ್ ಕೆಲಸದ ಲೆಕ್ಕದಲ್ಲಿ ನೋಡಿದ್ರೆ ಲಾಂಚ್ ಒಂದು ಗೇಟ್ ಥರ ಇತ್ತು, ಒಂದು ಟ್ರಿಪ್ಪಿಗೆ ಇಷ್ಟೇ ಗಾಡಿ, ಉಳಿದವು ದಡದಲ್ಲಿ ಸಾಲು. ಸೇತುವೆ ಆದ್ಮೇಲೆ ಜೋಗ, ಸಿಗಂದೂರು, ಕೊಡಚಾದ್ರಿ, ಕೊಲ್ಲೂರು ಎಲ್ಲಾ ಒಂದೇ ಸುತ್ತಿಗೆ ಸೇರ್ಕೊಂಡು, ಆ ಸುತ್ತಲ್ಲಿ ಸಿಗೋ ಸಣ್ಣಪುಟ್ಟ ಫಾಲ್ಸ್ ಕಡೆಗೂ ಕಾರು ತಿರುಗೋಕೆ ಶುರುವಾಯ್ತು. ಮೇ ತಿಂಗಳ ನಮ್ ಫ್ಯಾಕ್ಟರ್‌ಗೆ ಇದ್ಯಾವ್ದೂ ಗೊತ್ತಿಲ್ಲ.

ಆದ್ರೂ 16ನೇ ತಾರೀಕು ಸಂಜೆ ಆರರ ತನಕ ಎಲ್ಲಾ ನಡೀತು. ಬ್ಯಾಣ ತುಂಬಿತ್ತು, ಜೀಪು ಓಡ್ತಿತ್ತು, ಸಂಘದವರು ಚೀಟಿ ಹರೀತಿದ್ರು, ನಾನು ಕಟ್ಟೆ ಹತ್ರ ಕೊಡೆ ಹಿಡ್ಕೊಂಡು ನಿಂತಿದ್ದೆ. ಕೈಮರ ದಾಟಿದ ಮೇಲೆ ನೆಟ್‌ವರ್ಕ್ ಇಲ್ಲ. ವಾಕಿಟಾಕಿ ನಾಲ್ಕು ಕೇಳಿದ್ದೆ, ಬಜೆಟ್ಟಲ್ಲಿ ಹೊಡೆದು ಹಾಕಿ ವಾಟ್ಸಾಪ್ ಗ್ರೂಪ್ ಮಾಡ್ಕೊಳ್ಳಿ ಅಂದಿದ್ರು. ನೆಟ್‌ವರ್ಕ್ ಇಲ್ಲದ ಕಡೆ ವಾಟ್ಸಾಪ್ ಗ್ರೂಪ್ ಇಟ್ಕೊಂಡು ಟ್ರಾಫಿಕ್ ನಡೆಸಿ ಅನ್ನೋರು ಒಂದು ದಿನ ಆ ಮಳೇಲಿ ನಿಂತು ನೋಡ್ಬೇಕು.

ಏಳೂಕಾಲಿಗೆ ತಿರುವಲ್ಲಿ ದೊಡ್ಡ ಲೈಟ್ ಕಾಣಿಸ್ತು. ಬಸ್ಸು! ಸರ್ಕಾರಿ ಬಸ್ಸು, ಒಳಗೆ ಜನ ತುಂಬಿ ಬಾಗಿಲ ತನಕ ನಿಂತಿದಾರೆ. ನನಗೆ ಮೊದಲು ಅನ್ಸಿದ್ದು ಈ ಬಸ್ಸು ದಾರಿ ತಪ್ಪಿ ಬಂದಿದೆ ಅಂತ. ನಿಜವಾಗ್ಲೂ ಹಾಗೇ ಅನ್ಕೊಂಡೆ. ಯಾಕಂದ್ರೆ ನಮ್ ಶೀಟಲ್ಲಿ ಬಸ್ಸೇ ಇರ್ಲಿಲ್ಲ. ಅದು ಮೇಲಿನೂರಿನ ಹಾಲ್ಟಿಂಗ್ ಬಸ್ಸು, ಬೆಳಿಗ್ಗೆ ಆರೂಕಾಲಿಗೆ ಹೊರಗೆ ಹೋಗತ್ತೆ, ಸಂಜೆ ಏಳೂಕಾಲಿಗೆ ಬರತ್ತೆ, ನಾವು ಕೂತು ಎಣಿಸಿದ್ದು ಏಳರಿಂದ ಏಳು.

ಮೇಲಿನೂರಿನ ಬಸ್ಸು ಕಟ್ಟೆ ತನಕ ಯಾಕೆ ಬರತ್ತೆ ಅನ್ನೋದು ಅವತ್ತೇ ಗೊತ್ತಾಗಿದ್ದು. ಕೈಮರದಲ್ಲಿ ಎಡಕ್ಕೆ ಹೋಗೋ ರಸ್ತೆ ಹಿಂದಕ್ಕೆ ಮಡಚ್ಕೊಂಡಂಗೆ ಇದೆ, ಕಾರು ತಿರುಗತ್ತೆ, 12 ಮೀಟರ್ ಬಸ್ಸು ತಿರುಗಲ್ಲ. ಹಾಗಾಗಿ ಬಸ್ಸು ನೇರ ಕಟ್ಟೆ ತನಕ ಬಂದು, ಮೈದಾನದಲ್ಲಿ ಒಂದು ಸುತ್ತು ಹೊಡೆದು, ವಾಪಸ್ ಕೈಮರಕ್ಕೆ ಹೋದ್ರೆ ಮೇಲಿನೂರು ರಸ್ತೆ ಸಲೀಸಾಗಿ ಸಿಗತ್ತೆ. ದಿನಾ ಹೀಗೇ. ಅಂಥ ಬಸ್ಸು ಒಂದೇ ಏಟಿಗೆ ತಿರುಗೋಕೆ ಸುಮಾರು 24 ಮೀಟರ್ ಅಗಲದ ಜಾಗ ಬೇಕು, ಆ ಜಾಗದಲ್ಲಿ ನಾನು 40 ಕಾರು ನಿಲ್ಲಿಸಿಟ್ಟಿದ್ದೆ. ಕಾರಿನವರು ಅಲ್ಲೇ ಬಿಟ್ಟು ಜೀಪಲ್ಲಿ ಹೋಂಸ್ಟೇಗೆ ಹೋಗಿ ಊಟಕ್ಕೆ ಕೂತಾಗಿತ್ತು, ಕೀ ಯಾರ್ ಹತ್ರ ಇದೆ ಅಂತ ಕೇಳೋಕೂ ಫೋನ್ ಹೋಗಲ್ಲ.

ಎದುರಿಂದ ಫಾಲ್ಸ್ ಮುಗಿಸಿ ಬರ್ತಿದ್ದ ಗಾಡಿಗಳು ಬಂದು ನಿಂತ್ವು. ಹಿಂದಿನಿಂದ ಹೋಂಸ್ಟೇಗೆ ಬರೋ ಕಾರುಗಳು ಬಸ್ಸಿಗೆ ಅಂಟ್ಕೊಂಡು ನಿಂತ್ವು. ಬಸ್ ಅಗಲ ಎರಡೂವರೆ ಮೀಟರ್, ಕಾರು ಒಂದೂ ಮುಕ್ಕಾಲು, ರಸ್ತೆ ಮೂರೂ ಮುಕ್ಕಾಲು. ಲೆಕ್ಕ ಅಲ್ಲೇ ಮುಗೀತು. ಡ್ರೈವರ್ ಎಂಜಿನ್ ಆಫ್ ಮಾಡಿದ್ರು. ಆ ಶಬ್ದ ನಿಂತ ಮೇಲೆ ಮಳೆ ಶಬ್ದ ಮತ್ತೆ ಹಾರ್ನು, ಅಷ್ಟೇ.

ಆಗ ನಾನು ಎರಡನೇ ತಪ್ಪು ಮಾಡಿದೆ. ಏನಾದ್ರೂ ಮಾಡ್ಬೇಕಲ್ಲ ಅಂತ ಮುಂದೆ ಹೋಗಿ ಟಾರ್ಚ್ ಬಿಟ್ಟು, ಎಡಕ್ಕೆ ಇಳಿಸಿ, ಜಾಗ ಇದೆ ಅಂತ ಕೈ ಮಾಡಿದೆ. ಡ್ರೈವರ್ ತಲೆ ಹೊರಗೆ ಹಾಕಿ, "ಸಾರ್, ಅಲ್ಲಿ ಮಣ್ಣು ಮೆತ್ತಗಿದೆ" ಅಂದ್ರು. ನಾನು "ಇಲ್ಲ ಗಟ್ಟಿ ಇದೆ ಬನ್ನಿ" ಅಂದೆ. ಬೇಸಿಗೆಯಲ್ಲಿ ಪೈಪ್ ಲೈನಿಗೆ ಅಗೆದು ಮುಚ್ಚಿದ ಮಣ್ಣು ಅದು. ಮುಂದಿನ ಎಡಗಡೆ ಟಯರ್ ನಿಧಾನಕ್ಕೆ, ಬಹಳ ನಿಧಾನಕ್ಕೆ ಕೆಳಗೆ ಹೋಯ್ತು, ಬಸ್ಸು ಚರಂಡಿ ಕಡೆ ವಾಲ್ತು, ಒಳಗಿಂದ ಹೆಂಗಸರು ಕೂಗಿದ್ದು ಇವತ್ತಿಗೂ ಕಿವೀಲಿದೆ. ಕಂಡಕ್ಟರ್ ಬಾಡಿ ಮೇಲೆ ಕೈಯಲ್ಲಿ ಬಡಿದು ಹೋಲ್ಡಾನ್ ಹೋಲ್ಡಾನ್ ಅಂತ ಕೂಗಿದ್ರು. ಅರ್ಧ ಅಡಿ ಇನ್ನೂ ಇಳಿದಿದ್ರೆ ಏನಾಗ್ತಿತ್ತೋ.

ಎಲ್ಲರನ್ನೂ ಇಳಿಸಿದ್ರು. ಆ ಕತ್ತಲೇಲಿ, ಮಳೇಲಿ ಇಳಿದವರನ್ನ ನಾನು ಅವತ್ತು ಮೊದಲನೇ ಸಲ ನೋಡಿದ್ದು. ಪೇಟೆ ಅಂಗಡಿಗಳಲ್ಲಿ ಕೆಲಸ ಮಾಡೋ ಹುಡುಗೀರು, ಆಸ್ಪತ್ರೆಯಿಂದ ಬರ್ತಿದ್ದ ಒಬ್ಬರು ಅಜ್ಜಿ, ಮೊಮ್ಮಗನ ಕೈಲಿ ಎಕ್ಸ್‌ರೇ ಕವರ್ರು ಪ್ಲಾಸ್ಟಿಕ್ಕಲ್ಲಿ ಸುತ್ತಿದ್ದು, ಮೈಲುತುತ್ತದ ಚೀಲ ಎದೆಗೆ ಅವಚ್ಕೊಂಡು ನೆನೀದಂಗೆ ನೋಡ್ಕೊಳ್ತಿದ್ದ ಒಬ್ಬರು ತೋಟದವರು. ಇಬ್ಬರು ಹೆಂಗಸರು ಹಾಲು ಕರೆಯೋಕೆ ಹೊತ್ತಾಯ್ತು ಅಂತ ಮೊಬೈಲ್ ಲೈಟ್ ಹಾಕ್ಕೊಂಡು ನಡೆದೇ ಬಿಟ್ರು, ಐದು ಕಿಲೋಮೀಟ್ರು, ಇಂಬಳ (ಜಿಗಣೆ) ಇರೋ ದಾರಿ. ಅಜ್ಜಿ ನನ್ನ ಕೊಡೆ ಕೆಳಗೆ ಬಂದು ನಿಂತ್ಕೊಂಡು, "ಪಂಚಾಯ್ತಿ ಗೋಡೆಗೆ ನಕ್ಷೆ ಅಂಟಿಸಿದ್ದು ನೀನೇ ಅಲ್ವನಾ ತಮಾ" ಅಂದ್ರು. ಹೌದಮ್ಮ ಅಂದೆ. "ನಮ್ ಮೊಮ್ಮಗ ತೋರ್ಸಿದ್ದ. ಅದ್ರಲ್ಲಿ ನಮ್ಮೂರು ಇರ್ಲೇ ಇಲ್ಲ ಮಾರಾಯಾ" ಅಂದ್ರು. ಬೈದಿದ್ದಲ್ಲ, ಸುಮ್ನೆ ಹೇಳಿದ್ದು. ನಿಜ, ನಮ್ ಡ್ರಾಯಿಂಗ್ ಶೀಟು ಕೈಮರದ ಎಡಗಡೆ ನೂರು ಮೀಟರ್‌ಗೆ ಕಟ್ ಆಗಿತ್ತು, ಸ್ಟಡಿ ಏರಿಯಾ ಅಲ್ಲಿಗೆ ಮುಗೀತಿತ್ತು.

ಬಸ್ಸು ಎತ್ತಿದ್ದು ಊರಿನವರು. ಹತ್ತಿರದ ಮನೆಯಿಂದ ಅಡಿಕೆ ಮರ ಸೀಳಿದ ದಬ್ಬೆ ತಂದ್ರು, ಟಯರ್ ಕೆಳಗೆ ಕಲ್ಲು ತುಂಬಿ ದಬ್ಬೆ ಒಡ್ಡಿದ್ರು, ಡ್ರೈವರ್ ಒಂದೇ ಸಲಕ್ಕೆ ರಿವರ್ಸಲ್ಲಿ ಎತ್ತಿದ್ರು. ಆಮೇಲೆ ಹಿಂದೆ ಅಂಟ್ಕೊಂಡಿದ್ದ ಕಾರುಗಳನ್ನ ಒಂದೊಂದಾಗಿ ಕೈಮರದ ತನಕ ಹಿಂದಕ್ಕೆ ಕಳಿಸ್ಬೇಕು, ಅವರಲ್ಲಿ ಅರ್ಧ ಜನಕ್ಕೆ ಕತ್ತಲೇಲಿ ರಿವರ್ಸ್ ಬರಲ್ಲ, ಜೀಪ್ ಡ್ರೈವರ್‌ಗಳೇ ಹತ್ತಿ ತೆಗೆದ್ರು. ಕಂಡಕ್ಟರ್ ವಿಸಿಲ್ ಊದ್ತಾ ಬಸ್ಸಿನ ಹಿಂದೆ ನಾನೂರು ಮೀಟರ್ ನಡೆದ್ರು, ಕೈಮರದಿಂದ ಹಿಂದ್ಹಿಂದೇ ಮೇಲಿನೂರು ರಸ್ತೆಗೆ ನುಗ್ಗಿಸಿ, ಅಲ್ಲೊಂದು ಶಾಲೆ ಮೈದಾನದಲ್ಲಿ ತಿರುಗಿಸಿದ್ರು. ಎಂಟೂವರೆ. ಹತ್ತೋಕೆ ಮುಂಚೆ ಕಂಡಕ್ಟರ್ ನನ್ನ ಹತ್ರ ಬಂದು ಒಂದೇ ಮಾತು ಕೇಳಿದ್ರು, "ನೆಲದಲ್ಲಿ ಟಯರ್ ಗುರುತು ಇತ್ತಲ್ಲ ಸಾರ್, ನೋಡ್ಲಿಲ್ವಾ?"

ಸೋಮವಾರ ಆಫೀಸಿಗೆ ಹೋಗಿ ಮೊದಲು ತೆಗೆದಿದ್ದು ಮೇ ತಿಂಗಳ ಡ್ರೋನ್ ಫೋಟೋ. ಕೆಂಪು ಮೈದಾನದಲ್ಲಿ ಕಟ್ಟೆ ಸುತ್ತ ಕಪ್ಪಾಗಿ ಒಂದು ಗುಂಡನೇ ಗುರುತು, ವರ್ಷಾನುಗಟ್ಟಲೆ ಟಯರ್ ಓಡಾಡಿ ಆಗಿದ್ದು, ಹುಲ್ಲು ಕೂಡ ಅದರ ಹೊರಗಷ್ಟೇ ಬೆಳೆದಿದೆ. ಆಟೋಕ್ಯಾಡಲ್ಲಿ ಆ ಫೋಟೋ ಮೇಲೇ ನಾನು ಕಾರಿನ ಚೌಕ ಎಳೆದಿದ್ದೆ. ಎಂಟು ಚೌಕ ಸರಿಯಾಗಿ ಆ ಗುರುತಿನ ಮೇಲೆ ಕೂತಿವೆ. ಖಾಲಿ ಜಾಗ ಅಂತ ಬರೆದಿದ್ದೂ ನಾನೇ.

ಇನ್ನೊಂದು ವಿಷಯ ನನ್ನ ತಲೇಲಿ ಕೊರೀತಾನೇ ಇದೆ. ಒಂದೊಂದು ಗಾಡಿ ಎಷ್ಟು ಕಾರಿಗೆ ಸಮ ಅಂತ ಹಾಕೋ ಪಿಸಿಯು ಲೆಕ್ಕದಲ್ಲಿ ಕಾರು 1, ಬೈಕು 0.5, ಬಸ್ಸು 3. ರಸ್ತೆಗೆ ಎಷ್ಟು ಭಾರ ಅನ್ನೋಕೆ ಆ ಲೆಕ್ಕ ಸರಿ. ಆದ್ರೆ ಇಬ್ಬರು ಕೂತಿರೋ ಕಾರು ಮೂರು, ಎಪ್ಪತ್ತು ಜನ ಇರೋ ಬಸ್ಸು ಒಂದು, ಶೀಟಲ್ಲಿ ಎರಡೂ ಒಂದೇ. ವೆಹಿಕಲ್ ಇಲ್ಲದವರು ಟ್ರಾಫಿಕ್ ಸರ್ವೆಯಲ್ಲಿ ಕಾಣಿಸೋದೇ ಇಲ್ಲ. 2023ರ ಜೂನಲ್ಲಿ ಶಕ್ತಿ ಯೋಜನೆ ಬಂದಾಗಿಂದ ಹೆಂಗಸರಿಗೆ ಕೊಡೋ ಶೂನ್ಯ ಟಿಕೆಟ್ ಕೂಡ ಕಂಡಕ್ಟರ್ ಮಷೀನಲ್ಲಿ ದಾಖಲಾಗತ್ತೆ, ಯಾವ ಟ್ರಿಪ್ಪಲ್ಲಿ ಎಷ್ಟು ಜನ ಅಂತ ಡಿಪೋದಲ್ಲಿ ಒಂದು ಪತ್ರ ಕೊಟ್ಟು ಕೇಳಿದ್ರೆ ಆಗ್ತಿತ್ತು. ನಾವು ಡ್ರೋನ್‌ಗೆ ಬಾಡಿಗೆ ಕೊಟ್ವಿ, ಆ ಪತ್ರ ಬರೀಲಿಲ್ಲ.

ಅದಾಗಿ ಹದಿನೈದು ದಿನಕ್ಕೆ, ಸೆಪ್ಟೆಂಬರ್ 1ರಿಂದ, ಮುಳ್ಳಯ್ಯನಗಿರಿಯಲ್ಲಿ ಆನ್‌ಲೈನ್ ಸ್ಲಾಟ್ ಬಂತು, ಬೆಳಿಗ್ಗೆ 600 ಗಾಡಿ, ಮಧ್ಯಾಹ್ನದ ಮೇಲೆ 600. ನಮ್ ಬಾಸು ಇಲ್ಲೂ ಅದೇ ಮಾಡೋಣ ಅಂತಾರೆ. ಮಾಡ್ಬೋದು, ನನಗೆ ವಿರೋಧ ಇಲ್ಲ, ಆದ್ರೆ 600ರ ಜಾಗಕ್ಕೆ 60 ಬಿಟ್ರೂ ಆ ಗುಂಡನೇ ಗುರುತಿನ ಮೇಲೆ ಒಂದು ಕಾರು ನಿಂತ್ರೆ ಅಜ್ಜಿ ಮತ್ತೆ ಮಳೇಲಿ ನಿಲ್ಲಬೇಕಾಗತ್ತೆ. ಸ್ಲಾಟ್ ಗೇಟಿನ ಮಾತು, ಬಸ್ಸಿನ ಮಾತು ಬೇರೆ.

ಈ ಸಲ ಮೀಟಿಂಗ್ ಪಂಚಾಯ್ತಿ ಹಾಲಲ್ಲಿ ಬೇಡ ಅಂದಿದೀನಿ. ಮೇಲಿನೂರಲ್ಲೇ, ಬಸ್ಸು ಹೋಗಿ ನಿಂತ ಮೇಲೆ, ರಾತ್ರಿ ಎಂಟಕ್ಕೆ. ಡ್ರೈವರ್ ಕಂಡಕ್ಟರ್ ಇಬ್ರೂ ರಾತ್ರಿ ಅಲ್ಲೇ ಮಲಗ್ತಾರಲ್ಲ, ಅವರೂ ಇರ್ತೀವಿ ಅಂದಿದಾರೆ. ಸಿವಿಸಿ ಬೆಳಿಗ್ಗೆ 5ರಿಂದ ರಾತ್ರಿ 9, ಎಕ್ಸ್‌ಟ್ರಾ ಎಣಿಸೋ ಹುಡುಗರ ಕೂಲಿ ಇನ್ನೂ ಸ್ಯಾಂಕ್ಷನ್ ಆಗಿಲ್ಲ. ಹೊಸ ಡ್ರಾಯಿಂಗಲ್ಲಿ ಮೈದಾನಕ್ಕೆ 40ರ ಬದಲು 14 ಇಸಿಎಸ್. ಪಾರ್ಕಿಂಗ್ ಫೀ ಕಮ್ಮಿ ಆಗತ್ತೆ ಅಂತ ಸಂಘದ ಹೆಂಗಸರು ಬೇಜಾರು ಮಾಡ್ಕೊಂಡಿದಾರೆ, ಅವರ ಮಾತೂ ಸುಳ್ಳಲ್ಲ, ಅವರಲ್ಲೇ ಮೂರು ಜನ ಅದೇ ಬಸ್ಸಲ್ಲಿ ಓಡಾಡೋರು. ಅದನ್ನ ಹೆಂಗೆ ಸರಿ ಮಾಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಹೋದ ಭಾನುವಾರ ಹೋಗಿ ನಾನೂ ಕಂಡಕ್ಟರೂ ಸೇರಿ ಆ ಗುರುತಿನ ಅಂಚಿಗೆ ಸುಣ್ಣ ಹಚ್ಚಿದ ಕಲ್ಲು ನೆಟ್ಟು ಬಂದ್ವಿ, ಒಟ್ಟು ಹದಿನೆಂಟು ಕಲ್ಲು. ಸಂಜೆ ಬಸ್ಸು ಬಂದು ಸುತ್ತು ಹೊಡೀತು, ಹಿಂದಿನ ಟಯರ್ ಒಂದು ಕಲ್ಲಿಗೆ ತಾಗ್ತು, ಅದನ್ನ ಒಂದು ಅಡಿ ಹೊರಗೆ ಸರಿಸಿದ್ವಿ.