ಹಾಸನದ ಟವರಿಗೆ ಆಂಟೆನಾ ತಿರುಗಿಸಿದ್ದು

1987ರ ವಿಶ್ವಕಪ್ ಕ್ರಿಕೆಟ್ ಶುರುವಾಗುವ ಹೊತ್ತಿಗೆ ಸಕಲೇಶಪುರ ತಾಲ್ಲೂಕಿನ ಹಾನುಬಾಳು ಕಡೆಯ ನಮ್ಮ ದೊಡ್ಡಪ್ಪನವರ ಮನೆಗೆ ಟಿ.ವಿ. ಬಂದಿತ್ತು, ಚಿತ್ರ ಬಂದಿರಲಿಲ್ಲ. ಟಿ.ವಿ. ಟವರ್ ಇದ್ದ ಹಾಸನ ಅಲ್ಲಿಂದ ನೇರ ಅಳತೆಯಲ್ಲೇ ಸುಮಾರು 40 ಕಿಲೋಮೀಟರ್. ಆಗಿನ ಸಣ್ಣ ಮರುಪ್ರಸಾರ ಕೇಂದ್ರಗಳು ಸಾಮಾನ್ಯವಾಗಿ 100 ವಾಟಿನವಾದ್ದರಿಂದ 25 ಕಿಲೋಮೀಟರ್ ದಾಟಿದವರಿಗೆ ಚಿತ್ರ ಸಿಕ್ಕರೆ ಪುಣ್ಯ. ಸಾಲದ್ದಕ್ಕೆ ಮನೆಯ ಪೂರ್ವಕ್ಕೆ ಗುಡ್ಡ ಅಡ್ಡವಾಗಿತ್ತು. ದೆಹಲಿಯ ಕಾರ್ಯಕ್ರಮ 36,000 ಕಿಲೋಮೀಟರ್ ಎತ್ತರದ ಇನ್ಸಾಟ್ ಉಪಗ್ರಹಕ್ಕೆ ಹೋಗಿ ಹಾಸನಕ್ಕೆ ಸಲೀಸಾಗಿ ಇಳಿಯುತ್ತಿತ್ತು, ಆ ಉಪಗ್ರಹವನ್ನು ನಿಯಂತ್ರಿಸುವ ಕೇಂದ್ರವೂ ಹಾಸನದಲ್ಲೇ ಇತ್ತು. ಕೊನೆಯ ಈ 40 ಕಿಲೋಮೀಟರೇ ಕಷ್ಟದ್ದು.

ಸಕಲೇಶಪುರದಿಂದ ಬಂದ ರೇಡಿಯೋ ರಿಪೇರಿಯವರು ಹೆಂಚಿನ ಮಾಡನ್ನು ಕಣ್ಣೆತ್ತಿಯೂ ನೋಡಲಿಲ್ಲ. "ಗೌಡ್ರೇ, ಗುಡ್ಡದ ಬುಡದಲ್ಲಿ ಎಷ್ಟು ಎತ್ತರ ಕಟ್ಟಿದರೂ ಅಷ್ಟೇ, ಹಿಂದಕ್ಕೆ ಸರಿಯೋಣ" ಎಂದು ಕಾಫಿ ಒಣಗಿಸುವ ಕಣದ ಪಶ್ಚಿಮದ ಅಂಚಿನಲ್ಲಿ ಜಿ.ಐ. ಪೈಪು ನಿಲ್ಲಿಸಿ, ಮೂರು ಕಡೆ ತಂತಿ ಎಳೆದು ಬಿಗಿದರು. ಪಕ್ಕದಲ್ಲೇ ಎತ್ತರದ ಸಿಲ್ವರ್ ಓಕ್ ಇದ್ದರೂ, ಗಾಳಿಗೆ ತೂಗುವ ಮರದ ಮೇಲೆ ಆಂಟೆನಾ ಕಟ್ಟಬಾರದೆಂಬುದು ಅವರ ಖಚಿತ ಅಭಿಪ್ರಾಯವಾಗಿತ್ತು.

ಆಂಟೆನಾದ ಉದ್ದ ಕಡ್ಡಿ ಹಿಂದೆ, ಗಿಡ್ಡ ಕಡ್ಡಿಗಳು ಹಾಸನದತ್ತ. ತಿರುಗಿಸುತ್ತಾ ಹೋದಂತೆ ಧ್ವನಿ ಮೊದಲು ಸ್ಪಷ್ಟವಾಯಿತು, ಆಮೇಲೆ ಚುಕ್ಕೆಗಳ ನಡುವಿನಿಂದ ಚಿತ್ರ ಮೂಡಿತು. ನಾವು ಚಪ್ಪಾಳೆ ತಟ್ಟಿದೆವು. ಅವರಿಗೆ ಸಮಾಧಾನವಿರಲಿಲ್ಲ, ಏಕೆಂದರೆ ವಾರ್ತೆ ಓದುವವರ ಬಲಗಡೆ ನೆರಳಿನಂಥ ಇನ್ನೊಂದು ಮಸುಕು ಮುಖವಿತ್ತು. ಅವರು ಜೇಬಿನಿಂದ ಅಡಿಕೋಲು ತೆಗೆದು ಪರದೆಯ ಮೇಲಿಟ್ಟು, ಎರಡು ಮೂಗುಗಳ ನಡುವಿನ ಅಂತರವನ್ನು ಅಳೆದರು. ಎರಡು ಸೆಂಟಿಮೀಟರ್. ಆ ಲೆಕ್ಕ ನನಗೆ ಅರ್ಥವಾದದ್ದು ಕಾಲೇಜಿಗೆ ಹೋದ ಮೇಲೆ. ಪರದೆಯ ಎಡದಿಂದ ಬಲಕ್ಕೆ ಒಂದು ಗೆರೆ ಎಳೆಯಲು ಟಿ.ವಿ.ಗೆ ಸುಮಾರು 52 ಮೈಕ್ರೊಸೆಕೆಂಡ್ ಬೇಕು, ಒಂದು ಮೈಕ್ರೊಸೆಕೆಂಡಿನಲ್ಲಿ ಅಲೆ 300 ಮೀಟರ್ ಸಾಗುತ್ತದೆ. 20 ಇಂಚಿನ ಟಿ.ವಿ.ಯ ಪರದೆ ಸುಮಾರು 40 ಸೆಂಟಿಮೀಟರ್ ಅಗಲ. ಹಾಗಾಗಿ ನೆರಳು ಒಂದು ಸೆಂಟಿಮೀಟರ್ ಸರಿದಿದ್ದರೆ, ಅದನ್ನು ತಂದ ಅಲೆ ಯಾವುದೋ ಗುಡ್ಡಕ್ಕೆ ಬಡಿದು ಸುಮಾರು 400 ಮೀಟರ್ ಸುತ್ತಿ ಬಂದಿದೆಯೆಂದು ಅರ್ಥ. ನಮ್ಮದು 800 ಮೀಟರ್ ಸುತ್ತು. ಕಣದಲ್ಲಿ ನಿಂತು ನೋಡಿದ ಅವರು ಉತ್ತರದ ಬೋಳು ಬಂಡೆಗುಡ್ಡವನ್ನು ತೋರಿಸಿದರು.

ಬಳಿಕ ಆಂಟೆನಾವನ್ನು ಹಾಸನದಿಂದ ತುಸು ದಕ್ಷಿಣಕ್ಕೆ ತಿರುಗಿಸಿದರು. ಚುಕ್ಕೆಗಳು ಸ್ವಲ್ಪ ಹೆಚ್ಚಾದವು, ಆದರೆ ಬಂಡೆಗುಡ್ಡದ ಅಲೆಗೆ ಆಂಟೆನಾ ಕಿವುಡಾಗಿ ನೆರಳು ಮಾಯವಾಯಿತು. ಅತಿ ಹೆಚ್ಚು ಸಿಗ್ನಲ್ ಸಿಗುವ ದಿಕ್ಕೇ ಸರಿಯಾದ ದಿಕ್ಕೆಂದು ಹೇಳುವವರನ್ನು ನಾನು ಅಂದಿನಿಂದ ನಂಬುವುದಿಲ್ಲ, ಮಲೆನಾಡಿನಲ್ಲಂತೂ ಖಂಡಿತ ಇಲ್ಲ. ಉಳಿದ ಚುಕ್ಕೆಗಳಿಗೆ ಬೂಸ್ಟರ್ ಹಾಕಿಸೋಣವೆಂದು ದೊಡ್ಡಪ್ಪ ಕೇಳಿದಾಗ, ಹಾಕುವುದಾದರೆ ಪೈಪಿನ ತುದಿಯಲ್ಲೇ ಹಾಕಬೇಕು, ಟಿ.ವಿ. ಪಕ್ಕದಲ್ಲಿಟ್ಟರೆ ದಾರಿಯಲ್ಲಿ ಸೇರಿದ ಗದ್ದಲವನ್ನೂ ಅದು ದೊಡ್ಡದು ಮಾಡುತ್ತದೆ ಎಂದರು.

ಸೆಮಿಫೈನಲಿನಲ್ಲಿ ಇಂಗ್ಲೆಂಡಿನೆದುರು ನಾವು ಸೋತದ್ದನ್ನು ನೆರಳಿಲ್ಲದೆ ನೋಡಿದೆವು. ಮಳೆಗಾಲದಲ್ಲಿ ಆಂಟೆನಾದಿಂದ ಟಿ.ವಿ.ಗೆ ಬರುವ ಚಪ್ಪಟೆ ಫೀಡರ್ ವೈರು ತೊಯ್ದು ಚಿತ್ರ ಮಂಕಾದಾಗ, ಮಳೆಗೆ ಅಷ್ಟು ಜಗ್ಗದ ಗುಂಡನೆಯ ಕೋಆಕ್ಸಿಯಲ್ ಕೇಬಲ್ ಹಾಕಿಸಲಾಯಿತು. ಗುಡುಗು ಕೇಳಿದೊಡನೆ ಅದನ್ನು ಕಿತ್ತಿಡುವ ಅಧಿಕಾರವನ್ನು, ಯಾವ ಕಾರ್ಯಕ್ರಮವೇ ನಡೆಯುತ್ತಿರಲಿ, ದೊಡ್ಡಮ್ಮ ತಾವೇ ವಹಿಸಿಕೊಂಡರು.